ಬಾಯ್ಲರ್ ಕೆಳಗಿಳಿಸಿ ಯುದ್ಧಕ್ಕೆ ಹೊರಟ ದೋಣಿ

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ, ನದಿಯಲ್ಲಿ ಜನ ಮತ್ತು ಸರಕು ಸಾಗಿಸುತ್ತಿದ್ದ ಹಬೆದೋಣಿಗಳಿಗೆ ಮರದ ಹಲಗೆ ಬಡಿದು ಯುದ್ಧಕ್ಕೆ ಇಳಿಸಿದ್ದರಂತೆ. ಮರದ ಗೋಡೆ ಫಿರಂಗಿ ಗುಂಡನ್ನು ತಡೆಯುತ್ತದೆಯೇ? ಅಂಥ ದೋಣಿಗಳು ನಿಜಕ್ಕೂ ಏನು ಕೆಲಸ ಮಾಡಿದವು? ಈಗ ಯಾವುದಾದರೂ ಒಂದು ನೋಡಲು ಸಿಗುತ್ತದೆಯೇ?

ಉತ್ತರ: ತಡೆಯುವುದಿಲ್ಲ. ಐದು ಅಂಗುಲ ದಪ್ಪದ ಓಕ್ ಹಲಗೆ ಬಂದೂಕಿನ ಗುಂಡಿಗೆ ಸಾಕು. ಫಿರಂಗಿ ಗುಂಡು ಅದನ್ನು ಸೀಳಿಕೊಂಡು ಒಳಗೆ ಬರುತ್ತದೆ, ಬರುವಾಗ ಒಡೆದ ಮರದ ಸಿಬಿರುಗಳನ್ನೂ ಎಳೆದು ತರುತ್ತದೆ. ಆ ಸಿಬಿರು ತಗುಲಿ ಸತ್ತವರು, ಕೈಕಾಲು ಕಳೆದುಕೊಂಡವರು ಬಹಳ ಮಂದಿ. ಇದು ದೋಣಿಗೆ ಹಲಗೆ ಬಡಿಸಿದವರಿಗೂ ಗೊತ್ತಿತ್ತು, ಅದರೊಳಗೆ ನಿಂತು ಹೋರಾಡಿದವರಿಗೂ ಗೊತ್ತಿತ್ತು. ಹಾಗಿದ್ದೂ ಇಂಥ ಮೂರು ದೋಣಿಗಳು ಮಿಸಿಸಿಪ್ಪಿ ಮತ್ತು ಅದರ ಉಪನದಿಗಳಲ್ಲಿ ವರ್ಷಗಟ್ಟಲೆ ದುಡಿದವು. ಲೆಕ್ಸಿಂಗ್ಟನ್, ಕಾನೆಸ್ಟೋಗಾ ಮತ್ತು ಟೈಲರ್ ಎಂದು ಅವುಗಳ ಹೆಸರು. ಮೂರರಲ್ಲಿ ಟೈಲರ್‌ನ ಕಥೆಯನ್ನು ಹೇಳಿದರೆ ನಿಮ್ಮ ಪ್ರಶ್ನೆಗೆ ಹೆಚ್ಚು ಪೂರ್ಣವಾದ ಉತ್ತರ ಸಿಗುತ್ತದೆ. ಈ ದೋಣಿಯನ್ನು ಕಾಪಾಡಿದ್ದು ಅದರ ಗೋಡೆಯಲ್ಲ, ಬಾಯ್ಲರ್ ಇಟ್ಟ ಜಾಗ ಮತ್ತು ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಅರಿತಿದ್ದ ಜನ ಎಂಬುದು ನನ್ನ ಅಭಿಪ್ರಾಯ.

1861ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ಉತ್ತರದ ಒಕ್ಕೂಟ ಸರ್ಕಾರಕ್ಕೆ ಸಮುದ್ರದಲ್ಲಿ ನೌಕಾಪಡೆ ಇತ್ತು, ನದಿಯಲ್ಲಿ ಏನೂ ಇರಲಿಲ್ಲ. ದಕ್ಷಿಣದ ಒಳನಾಡಿಗೆ ಹೋಗುವ ದೊಡ್ಡ ದಾರಿಗಳೆಲ್ಲ ನದಿಗಳೇ: ಮಿಸಿಸಿಪ್ಪಿ, ಟೆನೆಸ್ಸಿ, ಕಂಬರ್ಲೆಂಡ್. ಸಮುದ್ರದ ಹಡಗನ್ನು ಅಲ್ಲಿಗೆ ತಂದರೆ ಬೇಸಿಗೆಯಲ್ಲಿ ಮರಳಿನಲ್ಲಿ ಕೂತುಬಿಡುತ್ತದೆ. ಹಾಗಾಗಿ ನೌಕಾಪಡೆಯ ಕಮಾಂಡರ್ ಜಾನ್ ರಾಡ್ಜರ್ಸ್ ಅವರನ್ನು ಭೂಸೇನೆಗೆ ನೆರವಾಗಲು ಒಹಾಯೋ ನದಿಯ ಸಿನ್ಸಿನಾಟಿಗೆ ಕಳಿಸಿದರು. ಅವರು ಜೂನ್‌ನಲ್ಲಿ ಮೂರು ಹಬೆದೋಣಿಗಳನ್ನು ಸುಮಾರು 62,000 ಡಾಲರಿಗೆ ಕೊಂಡರು. ಅವುಗಳ ಮಾರ್ಪಾಡಿಗೆ ಇನ್ನೂ 41,000 ಡಾಲರ್ ಹಿಡಿಯಿತು. ನೌಕಾ ಕಾರ್ಯದರ್ಶಿ ಗಿಡಿಯನ್ ವೆಲ್ಸ್ ಅವರಿಗೆ ಇದು ತಿಳಿದಾಗ ಸಿಟ್ಟು ಬಂತು. ನದಿಯ ಕೆಲಸ ಭೂಸೇನೆಯದು, ನೌಕಾಪಡೆಯ ಲೆಕ್ಕದಲ್ಲಿ ದೋಣಿ ಕೊಳ್ಳಲು ನಿಮಗೆ ಯಾರು ಹೇಳಿದರು ಎಂಬ ಧಾಟಿಯಲ್ಲಿ ರಾಡ್ಜರ್ಸ್‌ಗೆ ಛೀಮಾರಿ ಹಾಕಿದರು. ಕೊನೆಗೆ ಖರ್ಚನ್ನು ಭೂಸೇನೆ ಹೊತ್ತುಕೊಂಡಿತು. 1862ರ ಅಕ್ಟೋಬರ್ 1ರವರೆಗೂ ಈ ದೋಣಿಗಳು ಭೂಸೇನೆಯ ಆಸ್ತಿಯಾಗಿದ್ದು, ನೌಕಾಧಿಕಾರಿಗಳ ಕೈಯಲ್ಲಿ ನಡೆಯುತ್ತಿದ್ದವು. ಸಂಬಳ, ಕಲ್ಲಿದ್ದಲು, ಮದ್ದುಗುಂಡು ಎಲ್ಲದಕ್ಕೂ ಎರಡು ಇಲಾಖೆಗಳ ಬಾಗಿಲು ಬಡಿಯಬೇಕಿತ್ತು.

ಟೈಲರ್ ಸಿನ್ಸಿನಾಟಿಯಲ್ಲೇ 1857ರಲ್ಲಿ ಕಟ್ಟಿದ ದೋಣಿ. ಎ. ಓ. ಟೈಲರ್ ಎಂಬುದು ಅದರ ವ್ಯಾಪಾರದ ದಿನಗಳ ಹೆಸರು. ಮಾಜಿ ಅಧ್ಯಕ್ಷ ಜಾನ್ ಟೈಲರ್ ಆಗ ದಕ್ಷಿಣದ ಪಕ್ಷ ಸೇರಿದ್ದರಿಂದ ರಾಡ್ಜರ್ಸ್‌ಗೆ ಆ ಹೆಸರು ಹಿಡಿಸಲಿಲ್ಲ. ಟೇಲರ್ ಎಂದು ಬದಲಾಯಿಸಲು ನೋಡಿದರು, ಅದು ನಿಲ್ಲಲಿಲ್ಲ. 180 ಅಡಿ ಉದ್ದ, 45 ಅಡಿ ಅಗಲದ ಈ ದೋಣಿ ನೀರಿನಲ್ಲಿ ಮುಳುಗುತ್ತಿದ್ದದ್ದು ಆರು ಅಡಿ ಮಾತ್ರ. ಎರಡೂ ಪಕ್ಕದಲ್ಲಿ ದೊಡ್ಡ ಚಕ್ರಗಳು ನೀರನ್ನು ತಳ್ಳುತ್ತಿದ್ದವು.

ಆ ಕಾಲದ ನದಿದೋಣಿಯ ಒಳಗನ್ನು ಸ್ವಲ್ಪ ನೋಡಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ತಳ ಚಪ್ಪಟೆ, ಮೈ ಹಗುರ. ಸರಕು ತುಂಬುವ ಮುಖ್ಯ ಅಟ್ಟದ ಮೇಲೆಯೇ ಮುಂಭಾಗದಲ್ಲಿ ಉದ್ದನೆಯ ಬಾಯ್ಲರ್‌ಗಳನ್ನು ಸಾಲಾಗಿ ಮಲಗಿಸುತ್ತಿದ್ದರು. ಒಲೆಯ ಬಾಯಿ ದೋಣಿಯ ಮೂತಿಯ ಕಡೆಗೆ. ದೋಣಿ ಮುಂದೆ ಹೋದಷ್ಟೂ ಗಾಳಿ ತಾನೇ ಒಳನುಗ್ಗಿ ಬೆಂಕಿ ಚೆನ್ನಾಗಿ ಉರಿಯಲಿ ಎಂದು. ಅದರ ಮೇಲೆ ಪ್ರಯಾಣಿಕರ ಕೋಣೆಗಳು, ಅದರ ಮೇಲೆ ಚುಕ್ಕಾಣಿಗನ ಗಾಜಿನ ಗೂಡು, ಎಲ್ಲಕ್ಕಿಂತ ಎತ್ತರಕ್ಕೆ ಎರಡು ಹೊಗೆಕೊಳವೆ. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡ್. ಈ ಬಾಯ್ಲರ್‌ಗಳು ಅದರ ಏಳೆಂಟು ಪಟ್ಟು ಒತ್ತಡದಲ್ಲಿ ಓಡುತ್ತಿದ್ದವು. ಶಾಂತಿಯ ಕಾಲದಲ್ಲೂ ಅವು ಸಿಡಿಯುವುದು ಅಪರೂಪವಾಗಿರಲಿಲ್ಲ. ಅಂಥದ್ದನ್ನು ತೆರೆದ ಅಟ್ಟದ ಮೇಲೆ, ಶತ್ರುವಿನ ಕಣ್ಣಿಗೆ ಕಾಣುವಂತೆ ಹೊತ್ತುಕೊಂಡು ಫಿರಂಗಿಗಳ ಎದುರು ಹೋದರೆ ಒಂದೇ ಗುಂಡು ಸಾಕು. ದೋಣಿ ಮುಳುಗಬೇಕಾಗಿಯೂ ಇಲ್ಲ. ಹಬೆ ನುಗ್ಗಿದರೆ ಒಳಗಿದ್ದವರು ನಿಂತಲ್ಲೇ ಬೆಂದುಹೋಗುತ್ತಾರೆ.

ಹಾಗಾಗಿ ನೌಕಾ ನಿರ್ಮಾಣಗಾರ ಸ್ಯಾಮ್ಯುಯೆಲ್ ಪೂಕ್ ಕೊಟ್ಟ ಸಲಹೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಾಯ್ಲರ್‌ಗಳನ್ನು ಅಟ್ಟದಿಂದ ಕಿತ್ತು ಒಳತಳಕ್ಕೆ ಇಳಿಸುವುದು, ಹಬೆಯ ಕೊಳವೆಗಳನ್ನೂ ಆದಷ್ಟು ತಗ್ಗಿಸುವುದು. ಆಮೇಲೆ ಮೇಲಿನ ಕೋಣೆಗಳನ್ನು ಕೆಡವಿದರು, ಫಿರಂಗಿಯ ಭಾರ ತಡೆಯಲು ಅಟ್ಟದ ತೊಲೆಗಳನ್ನು ಬಲಪಡಿಸಿದರು, ಸುತ್ತ ಓಕ್ ಹಲಗೆಯ ಗೋಡೆ ಎಬ್ಬಿಸಿದರು. ಟೈಲರ್‌ಗೆ ಎಂಟು ಅಂಗುಲದ ಆರು ಫಿರಂಗಿ, 32 ಪೌಂಡಿನ ಒಂದು ಫಿರಂಗಿ ಬಂದವು. ನೋಡಲು ಚೆಂದವಿರಲಿಲ್ಲ. ಕಬ್ಬಿಣದ ತಗಡು ಹೊದೆಸಲು ಸಮಯವಿರಲಿಲ್ಲ, ಅಷ್ಟು ಭಾರ ಹೊರುವ ಮೈಯೂ ಅದಕ್ಕಿರಲಿಲ್ಲ. ಭಾರ ಹೆಚ್ಚಾದರೆ ದೋಣಿ ಆಳಕ್ಕೆ ಇಳಿಯುತ್ತದೆ, ಆಳಕ್ಕೆ ಇಳಿದರೆ ನದಿಯಲ್ಲಿ ಕೆಲಸಕ್ಕೆ ಬಾರದು.

ಆ ಬೇಸಿಗೆ ಒಹಾಯೋ ನದಿ ಎಷ್ಟು ಇಳಿದಿತ್ತೆಂದರೆ ಇಷ್ಟಾದ ಮೇಲೂ ಮೂರೂ ದೋಣಿಗಳು ಲೂಯಿವಿಲ್ ಬಳಿಯ ಮರಳುದಿಬ್ಬಗಳಲ್ಲಿ ತಡೆದು ನಿಂತವು. ಲೆಫ್ಟಿನೆಂಟ್ ಸೆತ್ ಲೆಡ್ಯಾರ್ಡ್ ಫೆಲ್ಪ್ಸ್ ಹರಸಾಹಸಪಟ್ಟು ಅವನ್ನು ಬಿಡಿಸಿ, ಆಗಸ್ಟ್ 12ರಂದು ಒಹಾಯೋ ಮಿಸಿಸಿಪ್ಪಿಯನ್ನು ಸೇರುವ ಕೈರೋ ಪಟ್ಟಣಕ್ಕೆ ತಂದು ಮುಟ್ಟಿಸಿದರು. ಕಬ್ಬಿಣ ಹೊದ್ದ ಹೊಸ ನೌಕೆಗಳು ತಯಾರಾಗಲು ಇನ್ನೂ ತಿಂಗಳುಗಳು ಬೇಕಿದ್ದವು. ಆ ತಿಂಗಳುಗಳಲ್ಲಿ ಪಶ್ಚಿಮದ ನದಿಗಳಲ್ಲಿ ಉತ್ತರದವರಿಗೆ ಇದ್ದ ನೌಕಾಬಲವೆಂದರೆ ಈ ಮೂರು ಮರದ ದೋಣಿಗಳೇ.

ನವೆಂಬರ್ 7ರಂದು ಅವುಗಳ ಬೆಲೆ ಗೊತ್ತಾಯಿತು. ಇನ್ನೂ ಹೆಸರು ಮಾಡಿರದ ಯುಲಿಸಿಸ್ ಗ್ರಾಂಟ್ ಎಂಬ ಜನರಲ್ ಮೂರು ಸಾವಿರದಷ್ಟು ಸೈನಿಕರನ್ನು ಸ್ಟೀಮರ್‌ಗಳಲ್ಲಿ ತುಂಬಿಕೊಂಡು ಮಿಸೂರಿಯ ಬೆಲ್ಮಾಂಟ್ ಎಂಬಲ್ಲಿ ಇಳಿದರು. ಎದುರು ದಡದ ಕೊಲಂಬಸ್‌ನಲ್ಲಿ ದಿಬ್ಬದ ಮೇಲೆ ದಕ್ಷಿಣದವರ ಭಾರಿ ಫಿರಂಗಿಗಳಿದ್ದವು. ಹೆನ್ರಿ ವಾಕ್ ನಾಯಕತ್ವದ ಟೈಲರ್ ಮತ್ತು ಜೊತೆಗಿದ್ದ ಲೆಕ್ಸಿಂಗ್ಟನ್ ಮತ್ತೆ ಮತ್ತೆ ಹೋಗಿ ಅವುಗಳ ಮೇಲೆ ಗುಂಡು ಹಾರಿಸಿ ಹಿಂದೆ ಸರಿದವು. ನೇರ ನಿಂತು ಹೊಡೆದಾಡಿದ್ದರೆ ಅಂದೇ ಕಥೆ ಮುಗಿಯುತ್ತಿತ್ತು. ಒಂದು ಗುಂಡು ಟೈಲರ್‌ಗೆ ಬಡಿದು ಒಬ್ಬ ನಾವಿಕ ಸತ್ತ. ನಿಜವಾದ ಕೆಲಸ ಬಂದದ್ದು ಸಂಜೆ. ಗ್ರಾಂಟ್‌ನ ಪಡೆ ಹಿಮ್ಮೆಟ್ಟಿ ದೋಣಿಗಳಿಗೆ ಹತ್ತುವಾಗ ಶತ್ರುಗಳು ಜೋಳದ ಹೊಲದೊಳಗಿಂದ ಬೆನ್ನಟ್ಟಿ ಬಂದರು. ದಡಕ್ಕೆ ಅಂಟಿಕೊಂಡು ನಿಂತಿದ್ದ ಎರಡು ಮರದ ದೋಣಿಗಳು ಹತ್ತಿರದಿಂದ ಚರೆಗುಂಡು ಸುರಿದು ಅವರನ್ನು ತಡೆದವು. ಗ್ರಾಂಟ್ ಕೊನೆಯವರಾಗಿ ಬಂದರು. ಅವರ ಕುದುರೆ ಕಡಿದಾದ ದಡದಲ್ಲಿ ಹಿಂಗಾಲು ಮಡಿಸಿ ಜಾರಿ ಬಂದು, ಒಂದೇ ಹಲಗೆಯ ಮೇಲೆ ನಡೆದು ಸ್ಟೀಮರ್ ಸೇರಿತು. ಅಂದು ಆ ಚರೆಗುಂಡಿನ ಕಾವಲು ಇಲ್ಲದಿದ್ದರೆ ಮುಂದೆ ಅಮೆರಿಕದ ಅಧ್ಯಕ್ಷರಾಗಲಿದ್ದ ಮನುಷ್ಯ ಸೆರೆ ಸಿಕ್ಕುತ್ತಿದ್ದ ಸಾಧ್ಯತೆ ಸಣ್ಣದಲ್ಲ.

1862ರ ಆರಂಭದಲ್ಲಿ ಟೈಲರ್‌ನ ಹೊಣೆ ವಿಲಿಯಂ ಗ್ವಿನ್ ಎಂಬ ತರುಣ ಲೆಫ್ಟಿನೆಂಟ್‌ಗೆ ಬಂತು. ಫೆಬ್ರವರಿ 6ರಂದು ಟೆನೆಸ್ಸಿ ನದಿಯ ಫೋರ್ಟ್ ಹೆನ್ರಿ ಮೇಲೆ ದಾಳಿ ನಡೆದಾಗ ನಾಲ್ಕು ಕಬ್ಬಿಣದ ನೌಕೆಗಳು ಮುಂದೆ, ಮೂರು ಮರದ ದೋಣಿಗಳು ಹಿಂದೆ ನಿಂತು ದೂರದಿಂದ ಗುಂಡೆಸೆದವು. ಅಂದು ಎಲ್ಲರಿಗಿಂತ ಹೆಚ್ಚು ನೋವುಂಡದ್ದು ಕಬ್ಬಿಣ ಹೊದ್ದ ಎಸೆಕ್ಸ್. ಒಂದು ಗುಂಡು ಅದರ ಬಾಯ್ಲರ್‌ನ್ನು ತೂರಿತು. ಸತ್ತವರು, ಬೆಂದವರು, ನೀರಿಗೆ ಹಾರಿ ಕಾಣೆಯಾದವರು ಎಲ್ಲ ಸೇರಿ 32 ಜನ. ನಾಲ್ಕು ತಿಂಗಳ ಬಳಿಕ, ಜೂನ್ 17ರಂದು, ವೈಟ್ ನದಿಯಲ್ಲಿ ಮೌಂಡ್ ಸಿಟಿ ಎಂಬ ಇನ್ನೊಂದು ಕಬ್ಬಿಣದ ನೌಕೆಗೆ ಇದೇ ಗತಿಯಾಯಿತು. ಒಂದೇ ಗುಂಡು ಹಬೆಯ ಕೋಶ ಸೇರಿ, 175ರಷ್ಟು ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಗೋಡೆ ಎಷ್ಟು ಗಟ್ಟಿ ಎಂಬ ಲೆಕ್ಕಕ್ಕಿಂತ ಹಬೆ ಎಲ್ಲಿದೆ ಎಂಬ ಲೆಕ್ಕ ದೊಡ್ಡದು ಎಂದು ನಾನು ಹೇಳುವುದು ಇದಕ್ಕೇ.

ಫೋರ್ಟ್ ಹೆನ್ರಿ ಬಿದ್ದ ಕೂಡಲೇ ಫೆಲ್ಪ್ಸ್ ಮೂರೂ ಮರದ ದೋಣಿಗಳನ್ನು ಕರೆದುಕೊಂಡು ಟೆನೆಸ್ಸಿ ನದಿಯ ಮೇಲ್ಮುಖವಾಗಿ ಅಲಬಾಮದ ಫ್ಲಾರೆನ್ಸ್ ಕಡೆಗೆ ಹೊರಟರು. ಆಳದ ಕಬ್ಬಿಣದ ನೌಕೆಗಳು ಮಾಡಲಾಗದ ಕೆಲಸ ಇದು. ಸುಮಾರು 25 ಮೈಲಿ ಮೇಲೆ ರೈಲ್ವೆ ಸೇತುವೆಯೊಂದರ ತೆರೆಯುವ ಭಾಗವನ್ನು ಶತ್ರುಗಳು ಕೆಡಿಸಿ ಓಡಿದ್ದರು. ಅದನ್ನು ಸರಿಮಾಡಿ ದಾಟಿದ ಮೇಲೆ, ಮೂರರಲ್ಲಿ ನಿಧಾನದ್ದಾದ ಟೈಲರ್‌ನ್ನು ಹಳಿ ಕೀಳಲು, ಬಿಟ್ಟುಹೋದ ಸಾಮಾನು ಸಂಗ್ರಹಿಸಲು ಅಲ್ಲೇ ಬಿಟ್ಟರು. ಮುಂದೆ ಹೋದ ಎರಡು ದೋಣಿಗಳು ಬೆನ್ನಟ್ಟಿದಾಗ ದಕ್ಷಿಣದವರು ಮದ್ದುಗುಂಡು ತುಂಬಿದ್ದ ತಮ್ಮ ಸ್ಟೀಮರ್‌ಗಳಿಗೆ ತಾವೇ ಬೆಂಕಿ ಇಟ್ಟರು. ಫೆಲ್ಪ್ಸ್ ಸಾವಿರ ಗಜ ದೂರ ನಿಂತಿದ್ದರೂ ಸ್ಫೋಟಕ್ಕೆ ಅವರ ದೋಣಿಯ ಗಾಜುಗಳು ಒಡೆದವು, ಬಾಗಿಲುಗಳು ತಾವಾಗಿ ತೆರೆದುಕೊಂಡವು.

ಸೆರೋ ಗೋರ್ಡೊ ಎಂಬಲ್ಲಿ ಅವರಿಗೆ ಸಿಕ್ಕಿದ್ದು ಈಸ್ಟ್‌ಪೋರ್ಟ್, 280 ಅಡಿಯ ಒಂದು ಭಾರಿ ನದಿದೋಣಿ. ದಕ್ಷಿಣದವರು ಅದನ್ನು ಕಬ್ಬಿಣದ ಯುದ್ಧನೌಕೆಯಾಗಿ ಮಾಡುತ್ತ ಅರ್ಧಕ್ಕೆ ಬಿಟ್ಟು ಹೋಗಿದ್ದರು. ಪಕ್ಕದಲ್ಲಿ ಒಳ್ಳೆಯ ಮರದ ರಾಶಿ ಬಿದ್ದಿತ್ತು. ಎರಡೂ ಪಕ್ಷಗಳು ಒಂದೇ ಉಪಾಯಕ್ಕೆ ಕೈಹಾಕಿದ್ದವು. ಸಿನ್ಸಿನಾಟಿಯಲ್ಲಿ ಬಡಗಿಗಳು, ಕಮ್ಮಾರರು, ಹಣ ಎಲ್ಲವೂ ಇತ್ತು, ಟೆನೆಸ್ಸಿ ನದಿಯ ಹಳ್ಳಿಯಲ್ಲಿ ಇರಲಿಲ್ಲ. ಹಿಂದಿನಿಂದ ಬಂದು ಸೇರಿದ ಟೈಲರ್ ಅಲ್ಲಿ ಕಾವಲು ನಿಂತು ಮರವನ್ನು ತುಂಬಿಕೊಂಡಿತು. ಒಕ್ಕೂಟದ ಬಾವುಟ ಕಂಡು ನದೀದಡದ ಜನ ಬಂದು ಸಂತೋಷಪಟ್ಟರೆಂದು ಫೆಲ್ಪ್ಸ್ ಬರೆದಿದ್ದಾರೆ. ಗ್ವಿನ್ ಅಲ್ಲೇ ಸುಮಾರು 25 ಟೆನೆಸ್ಸಿಗರನ್ನು ನಾವಿಕರಾಗಿ ಸೇರಿಸಿಕೊಂಡರು. ದಕ್ಷಿಣದ ಒಳಗೇ ಇದ್ದ ಆ ಒಡಕು ಯಾವ ಭೂಪಟದಲ್ಲೂ ಕಾಣುವಂಥದ್ದಲ್ಲ, ದೋಣಿ ದಡಕ್ಕೆ ಹೋದಾಗ ಮಾತ್ರ ಕಂಡಿತು.

ಟೈಲರ್ ಹೆಸರು ಇತಿಹಾಸದಲ್ಲಿ ಉಳಿದಿರುವುದು ಏಪ್ರಿಲ್ 6ರ ಶೈಲೋ ಯುದ್ಧದಿಂದ. ಟೆನೆಸ್ಸಿ ನದಿಯ ಪಿಟ್ಸ್‌ಬರ್ಗ್ ಲ್ಯಾಂಡಿಂಗ್ ಎಂಬ ಕಟ್ಟೆಯ ಹಿಂದೆ ಬೀಡುಬಿಟ್ಟಿದ್ದ ಗ್ರಾಂಟ್ ಸೇನೆಯ ಮೇಲೆ ಬೆಳಗಿನ ಜಾವ ದಕ್ಷಿಣದವರು ಎರಗಿದರು. ಗ್ವಿನ್ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ದೋಣಿಯನ್ನು ಕಟ್ಟೆಯಿಂದ ಒಂದು ಮೈಲಿ ಮೇಲಕ್ಕೆ ತಂದು ಆಜ್ಞೆಗಾಗಿ ಕಾದರು. ಆಜ್ಞೆ ಬರಲಿಲ್ಲ. ಕಾಡಿನೊಳಗೆ ಯಾರು ಎಲ್ಲಿದ್ದಾರೆ ಎಂಬುದು ಕಾಣುತ್ತಿರಲಿಲ್ಲ. ಸುಮ್ಮನೆ ಹೊಡೆದರೆ ತಮ್ಮವರೇ ಸಾಯಬಹುದು. ಮಧ್ಯಾಹ್ನ 1.25ಕ್ಕೆ ಅವರು ತಾವೇ ಒಬ್ಬ ಅಧಿಕಾರಿಯನ್ನು ದಡಕ್ಕೆ ಅಟ್ಟಿ ಜನರಲ್ ಹರ್ಲ್‌ಬಟ್ ಅವರ ಅನುಮತಿ ಕೇಳಿಸಿದರು. ಹರ್ಲ್‌ಬಟ್ ಕೃತಜ್ಞತೆಯಿಂದ ಒಪ್ಪಿ, ಯಾವ ದಿಕ್ಕಿಗೆ ಹೊಡೆಯಬೇಕೆಂದು ತೋರಿಸಿದರು. 2.50ಕ್ಕೆ ಟೈಲರ್ ಗುಂಡು ಹಾರಿಸಿತು. ಆಮೇಲೆ ಗ್ರಾಂಟ್ ಅವರನ್ನು ಕೇಳಿಸಿದಾಗ ನಿಮ್ಮ ವಿವೇಚನೆಯಂತೆ ಮಾಡಿ ಎಂಬ ಉತ್ತರ ಬಂತು. ನಾಲ್ಕಕ್ಕೆ ಲೆಕ್ಸಿಂಗ್ಟನ್ ಬಂದು ಸೇರಿತು. ಸಂಜೆ ಐದೂವರೆ ದಾಟಿದ ಮೇಲೆ ಶತ್ರುಗಳು ಡಿಲ್ ಬ್ರಾಂಚ್ ಎಂಬ ಕಣಿವೆಯನ್ನು ದಾಟಿ ಕಟ್ಟೆಯ ಮೇಲೇ ಬೀಳಲು ನೋಡಿದರು. ಆ ಕಣಿವೆಯ ಬಾಯಿ ನದಿಗೆ ತೆರೆದಿತ್ತು. ಎರಡೂ ದೋಣಿಗಳು ಅಲ್ಲಿ ನಿಂತು ಅರ್ಧ ಗಂಟೆಯಷ್ಟು ಹೊತ್ತು ಒಳಗೆ ಗುಂಡು ಸುರಿದವು. ದಡದ ಮೇಲೆ ಸಾಲುಗಟ್ಟಿದ್ದ ಭೂಸೇನೆಯ ಫಿರಂಗಿಗಳೂ ಹೊಡೆದವು. ಅಂದಿನ ದಾಳಿ ಅಲ್ಲಿಗೆ ನಿಂತಿತು. ದಿನವನ್ನು ಗೆಲ್ಲಿಸಿದ್ದು ಈ ದೋಣಿಗಳೇ ಎಂದು ಹಲವರು ಹೇಳುವುದುಂಟು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದಡ ಎತ್ತರವಿದ್ದುದರಿಂದ ಬಹಳಷ್ಟು ಗುಂಡುಗಳು ತಲೆಯ ಮೇಲೆ ಹಾದುಹೋದವು. ಬೆಳಗಿನಿಂದ ಕಾದಾಡಿ ದಣಿದಿದ್ದ ದಕ್ಷಿಣದ ಪಡೆಗಳ ಕಾಲೂ ಸೋತಿತ್ತು, ಅವರ ದಂಡನಾಯಕ ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್ ಆ ಮಧ್ಯಾಹ್ನವೇ ಸತ್ತಿದ್ದರು.

ಆ ರಾತ್ರಿಯದು ಬೇರೆಯೇ ಕಥೆ. ಹಿಂದೆ ತಾವೂ ನೌಕಾಧಿಕಾರಿಯಾಗಿದ್ದ ಜನರಲ್ ವಿಲಿಯಂ ನೆಲ್ಸನ್ ಅವರ ಕೋರಿಕೆಯಂತೆ ಒಂಬತ್ತು ಗಂಟೆಯಿಂದ ಒಂದರವರೆಗೆ ಹತ್ತು ನಿಮಿಷಕ್ಕೊಮ್ಮೆ ಟೈಲರ್ ಸಿಡಿಗುಂಡು ಎಸೆಯಿತು. ಐದು, ಹತ್ತು, ಹದಿನೈದು ಸೆಕೆಂಡಿಗೆ ಸಿಡಿಯುವಂತೆ ಬತ್ತಿ ಕತ್ತರಿಸಿದ ಗುಂಡುಗಳು. ಒಂದರಿಂದ ಬೆಳಗಿನ ಐದರವರೆಗೆ ಲೆಕ್ಸಿಂಗ್ಟನ್ ಹದಿನೈದು ನಿಮಿಷಕ್ಕೊಮ್ಮೆ ಅದನ್ನೇ ಮುಂದುವರಿಸಿತು. ಮಳೆ ಸುರಿಯುತ್ತಿತ್ತು. ದಕ್ಷಿಣದ ಸೈನಿಕರು ಕಣ್ಣು ಮುಚ್ಚಲಾಗದೆ ಜಾಗ ಬಿಟ್ಟು ಹಿಂದೆ ಸರಿದರು, ಮರುದಿನ ಅವರು ಸೋಲಲು ಆ ನಿದ್ದೆಗೆಟ್ಟ ರಾತ್ರಿಯೂ ಒಂದು ಕಾರಣ. ಆದರೆ ಅದೇ ಕಾಡಿನಲ್ಲಿ ಎರಡೂ ಕಡೆಯ ಗಾಯಾಳುಗಳು ಎತ್ತುವವರಿಲ್ಲದೆ ಬಿದ್ದಿದ್ದರು. ಗುಂಡುಗಳು ಹೆಚ್ಚಾಗಿ ಬಿದ್ದದ್ದು ಉತ್ತರದವರದೇ ಗಾಯಾಳುಗಳ ನಡುವೆ ಎಂದು ದಕ್ಷಿಣದ ಜನರಲ್ ಪ್ಯಾಟ್ರಿಕ್ ಕ್ಲೆಬರ್ನ್ ತಮ್ಮ ವರದಿಯಲ್ಲಿ ಬರೆದು, ಅದನ್ನು ಅಮಾನುಷ ಎಂದು ಕರೆದರು. ಟೈಲರ್‌ನ ಅತಿ ಪ್ರಸಿದ್ಧ ಸಾಧನೆಯನ್ನು ಹೇಳುವ ಪುಸ್ತಕಗಳು ಈ ಮಾತನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ದಾಟಬಾರದೆಂದು ನನಗೆ ಅನ್ನಿಸುತ್ತದೆ. ಗ್ವಿನ್ ಮಧ್ಯಾಹ್ನವಿಡೀ ತಮ್ಮವರಿಗೆ ತಗುಲೀತೆಂದು ತಡೆದು ನಿಂತ ಮನುಷ್ಯ. ರಾತ್ರಿ ಕತ್ತಲಲ್ಲಿ ಹಾರಿಸಿದ ಗುಂಡು ಯಾರ ಮೇಲೆ ಬಿತ್ತೆಂದು ಅವರಿಗೆ ಕಾಣುವಂತಿರಲಿಲ್ಲ.

ಟೈಲರ್ ತಾನೇ ದೊಡ್ಡ ಪೆಟ್ಟು ತಿಂದದ್ದು ಜುಲೈ 15ರ ಬೆಳಿಗ್ಗೆ. ಯಾಝೂ ನದಿಯಲ್ಲಿ ದಕ್ಷಿಣದವರು ಆರ್ಕನ್ಸಾ ಎಂಬ ಕಬ್ಬಿಣದ ನೌಕೆ ಕಟ್ಟುತ್ತಿದ್ದಾರೆಂಬ ಸುದ್ದಿಯ ಮೇಲೆ ಟೈಲರ್, ಕಬ್ಬಿಣದ ಕ್ಯಾರಂಡಲೆಟ್ ಮತ್ತು ಕ್ವೀನ್ ಆಫ್ ದಿ ವೆಸ್ಟ್ ಎಂಬ ಡಿಕ್ಕಿ ಹೊಡೆಯುವ ದೋಣಿ ನದಿಯೊಳಕ್ಕೆ ಹೋದವು. ಎಲ್ಲಕ್ಕಿಂತ ಮುಂದೆ ಟೈಲರ್. ಅದರ ಮೇಲೆ ವಿಸ್ಕಾನ್ಸಿನ್‌ನ ಬಂದೂಕುಧಾರಿ ಸೈನಿಕರೂ ಇದ್ದರು. ಸೂರ್ಯ ಹುಟ್ಟುವ ಹೊತ್ತಿಗೆ ಎದುರಿನಿಂದ ಆರ್ಕನ್ಸಾ ಬಂದೇ ಬಿಟ್ಟಿತು. ಮರದ ದೋಣಿ ಅದರ ಮುಂದೆ ನಿಲ್ಲುವ ಮಾತೇ ಇರಲಿಲ್ಲ. ಗ್ವಿನ್ ದೋಣಿಯನ್ನು ತಿರುಗಿಸಿ ಕ್ಯಾರಂಡಲೆಟ್ ಬಳಿಗೆ ಬಂದು ಹೋರಾಡಿದರು. ಕ್ಯಾರಂಡಲೆಟ್‌ನ ಚುಕ್ಕಾಣಿಯ ಹಗ್ಗಗಳು ಕಡಿದುಹೋದವು, ಹಬೆಯ ಕೊಳವೆ ತುಂಡಾಗಿ ಜನ ನೀರಿಗೆ ಹಾರಿದರು, ನೌಕೆ ದಡಕ್ಕೆ ಹೋಗಿ ನಿಂತಿತು. ಕ್ವೀನ್ ಆಫ್ ದಿ ವೆಸ್ಟ್ ಮೊದಲೇ ಕಾಲ್ಕಿತ್ತಿತ್ತು. ಆಮೇಲೆ ಸುಮಾರು ಒಂದು ಗಂಟೆ ಟೈಲರ್ ಓಡುತ್ತ, ಹಿಂಭಾಗದ ಒಂದೇ ಫಿರಂಗಿಯಿಂದ ಹಿಂದೆ ಬರುತ್ತಿದ್ದ ಆರ್ಕನ್ಸಾಗೆ ಹೊಡೆಯುತ್ತ ನದಿ ಇಳಿಯಿತು. ಎಂಟು ಜನ ಸತ್ತರು, ಅದರ ಎರಡು ಪಟ್ಟಿನಷ್ಟು ಮಂದಿ ಗಾಯಗೊಂಡರು. ಸತ್ತವರಲ್ಲಿ ಆ ಸೈನಿಕರ ಕ್ಯಾಪ್ಟನ್ ಕೂಡ ಒಬ್ಬ.

ಇಲ್ಲೂ ಹಬೆಯೇ ಮುಖ್ಯ ಪಾತ್ರ. ಆರ್ಕನ್ಸಾದ ಕಬ್ಬಿಣಕ್ಕೆ ಮರದ ದೋಣಿಯ ಗುಂಡು ಹೆಚ್ಚೇನೂ ಮಾಡಲಿಲ್ಲ, ಆದರೆ ಅಂದಿನ ಗುಂಡುಗಳಿಗೆ ಅದರ ಹೊಗೆಕೊಳವೆ ಜಾಲರಿಯಂತಾಯಿತು. ಕೊಳವೆ ತೂತಾದರೆ ಗಾಳಿಯ ಸೆಳೆತ ಹೋಗುತ್ತದೆ. ಸೆಳೆತ ಹೋದರೆ ಬೆಂಕಿ ಕುಂದುತ್ತದೆ. 120 ಪೌಂಡಿನಲ್ಲಿದ್ದ ಹಬೆಯ ಒತ್ತಡ 20ಕ್ಕೆ ಇಳಿಯಿತು. ಯಂತ್ರದ ಕೋಣೆಯ ಸೆಕೆ 130 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 54 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಅಲ್ಲಿದ್ದವರನ್ನು ಕಾಲು ಗಂಟೆಗೊಮ್ಮೆ ಬದಲಾಯಿಸಬೇಕಾಯಿತು. ಮೊದಲಿನ ವೇಗವಿದ್ದಿದ್ದರೆ ಅದು ಟೈಲರ್‌ನ್ನು ಹಿಡಿದು ಮುಳುಗಿಸುತ್ತಿತ್ತು. ಕುಂಟುತ್ತಲೇ ಅದು ಮಿಸಿಸಿಪ್ಪಿಗೆ ಬಂದು, ಹಬೆ ಎಬ್ಬಿಸದೆ ಲಂಗರು ಹಾಕಿ ನಿಂತಿದ್ದ ಉತ್ತರದ ನೌಕಾಧಿಪತಿ ಫ್ಯಾರಗಟ್ ಅವರ ಇಡೀ ನೌಕಾಸಾಲಿನ ನಡುವೆ ಹಾದು, ದಕ್ಷಿಣದವರ ಕೈಯಲ್ಲಿದ್ದ ವಿಕ್ಸ್‌ಬರ್ಗ್ ಸೇರಿಕೊಂಡಿತು. ಮೂರು ವಾರಗಳ ನಂತರ ಯಂತ್ರ ಕೈಕೊಟ್ಟು, ಅದರ ಸಿಬ್ಬಂದಿಯೇ ಬೆಂಕಿ ಇಟ್ಟು ನಾಶಮಾಡಿದರು. ಗ್ವಿನ್ ಅದೇ ಡಿಸೆಂಬರ್‌ನಲ್ಲಿ ಬೆಂಟನ್ ಎಂಬ ದೊಡ್ಡ ಕಬ್ಬಿಣದ ನೌಕೆಯ ನಾಯಕರಾಗಿ ಯಾಝೂ ನದಿಯಲ್ಲೇ ಹೋರಾಡುವಾಗ ಮಾರಣಾಂತಿಕವಾಗಿ ಗಾಯಗೊಂಡು, 1863ರ ಜನವರಿ 3ರಂದು ತೀರಿಕೊಂಡರು. ಐದು ಅಂಗುಲದ ಹಲಗೆಯ ಹಿಂದೆ ಬದುಕಿ ಉಳಿದವರು ಕಬ್ಬಿಣದ ನೌಕೆಯ ಮೇಲೆ ಸತ್ತರು.

ನನ್ನನ್ನು ಕೇಳಿದರೆ ಟೈಲರ್‌ನ ಅತ್ಯುತ್ತಮ ದಿನ ಶೈಲೋ ಅಲ್ಲ, 1863ರ ಜುಲೈ 4. ಆರ್ಕನ್ಸಾ ರಾಜ್ಯದ ಹೆಲೆನಾ ಪಟ್ಟಣವನ್ನು ನಾಲ್ಕು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ ಕಾಯುತ್ತಿದ್ದರು. ಅವರಲ್ಲಿ ಕಪ್ಪು ಜನರ ಒಂದು ದಂಡೂ ಇತ್ತು. ಏಳು ಸಾವಿರ ದಾಟಿದ ದಕ್ಷಿಣದ ಪಡೆ ಬೆಳಗಾಗುವ ಹೊತ್ತಿಗೆ ಬೆಟ್ಟಗಳಿಂದ ಇಳಿದು ಬಂತು. ಗ್ರೇವ್‌ಯಾರ್ಡ್ ಹಿಲ್ ಎಂಬ ಗುಡ್ಡದ ಫಿರಂಗಿ ನೆಲೆ ಅವರ ಕೈಸೇರಿತು. ನದಿಯಲ್ಲಿದ್ದ ಒಂದೇ ಯುದ್ಧದೋಣಿ ಟೈಲರ್. ಅದರ ಆಗಿನ ನಾಯಕ ಜೇಮ್ಸ್ ಪ್ರಿಚೆಟ್ ದೋಣಿಯನ್ನು ನಿಲ್ಲಿಸಿದ ರೀತಿ ನೋಡಬೇಕು: ಪಕ್ಕದ ಫಿರಂಗಿಗಳು ಶತ್ರು ಇಳಿದು ಬರುತ್ತಿದ್ದ ಕಣಿವೆಗೆ, ಹಿಂಭಾಗದವು ಕೆಳಗಿನ ಫಿರಂಗಿ ನೆಲೆಗೆ, ಮುಂಭಾಗದವು ಮೇಲಿನ ಫಿರಂಗಿ ನೆಲೆಗೆ. ಒಂದೇ ದೋಣಿ ಮೂರು ದಿಕ್ಕಿಗೆ ಕಾದಾಡಿತು. ಅಂದು ಅದು ಹಾರಿಸಿದ ಗುಂಡು 413. ಗುಡ್ಡ ಹಿಡಿದವರು ಮುಂದೆ ಬರಲಾಗದೆ, ಹಿಂದೆಯೂ ಹೋಗಲಾಗದೆ ನೂರಾರು ಮಂದಿ ಸೆರೆಯಾದರು. ದಕ್ಷಿಣದವರ ನಷ್ಟ 1,600ಕ್ಕೂ ಹೆಚ್ಚು, ಕಾದವರದು 240ರಷ್ಟು. ಅಂದೇ ವಿಕ್ಸ್‌ಬರ್ಗ್ ಶರಣಾಯಿತು, ಗೆಟಿಸ್‌ಬರ್ಗ್‌ನಿಂದ ದಕ್ಷಿಣದ ಜನರಲ್ ಲೀ ಅವರ ಸೇನೆ ಹಿಮ್ಮೆಟ್ಟಿತು. ಆ ಎರಡು ಸುದ್ದಿಗಳ ನಡುವೆ ಹೆಲೆನಾ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಮಿಸಿಸಿಪ್ಪಿ ಪೂರ್ತಿ ಉತ್ತರದವರ ಕೈಗೆ ಬಂದು, ಸಮುದ್ರದ ಕಡೆ ಬಂದರುಗಳೂ ಮುಚ್ಚಿದ್ದರಿಂದ ದಕ್ಷಿಣದ ಹತ್ತಿ ಹೊರಬರುವ ದಾರಿ ಕಟ್ಟಿಹೋಯಿತು. ಅದರ ಬಿಸಿ ನಮ್ಮ ಕಡೆಗೂ ತಟ್ಟಿತು. 1840ರ ದಶಕದಿಂದಲೇ ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿದ್ದರು, ಧಾರವಾಡ ಅಮೆರಿಕನ್ ಎಂದೇ ಅದಕ್ಕೆ ಹೆಸರು. ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಏರಿದ ರೀತಿಗೆ ಹುಬ್ಬಳ್ಳಿ, ಗದಗಿನ ರೈತರು ಹಿಂದೆಂದೂ ಕಾಣದ ಹಣ ಕಂಡರು. ಆ ಹತ್ತಿಯನ್ನು ಹಡಗಿಗೆ ಏರಿಸಲು ಕಾರವಾರದ ಬಂದರಿಗೆ ಆದ್ಯತೆ ಬಂತು; 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು. 1865ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು.

ಟೈಲರ್‌ನ ಉಳಿದ ದಿನಗಳನ್ನು ಬೇಗ ಹೇಳುತ್ತೇನೆ. 1864ರ ಜೂನ್ 24ರಂದು ವೈಟ್ ನದಿಯ ಕ್ಲಾರೆಂಡನ್ ಬಳಿ ಕ್ವೀನ್ ಸಿಟಿ ಎಂಬ ದೋಣಿಯನ್ನು ಶತ್ರುಗಳು ಹಿಡಿದು ಸುಟ್ಟಾಗ, ಜಾರ್ಜ್ ಬ್ಯಾಚ್ ನಾಯಕತ್ವದಲ್ಲಿ ಇನ್ನೆರಡು ದೋಣಿಗಳೊಡನೆ ಹೋಗಿ ಅವರನ್ನು ಓಡಿಸಿತು. ಜೊತೆಯ ಕಾನೆಸ್ಟೋಗಾ ಅಷ್ಟರಲ್ಲಿ ಇರಲಿಲ್ಲ; ಅದೇ ಮಾರ್ಚ್‌ನಲ್ಲಿ ಸೀಟಿಯ ಸಂಜ್ಞೆ ತಪ್ಪಾಗಿ ತಿಳಿದ ತಮ್ಮದೇ ಪಡೆಯ ದೋಣಿಯೊಂದು ಡಿಕ್ಕಿ ಹೊಡೆದು ಅದು ಮುಳುಗಿಹೋಗಿತ್ತು.

ಯುದ್ಧ ಮುಗಿದ ಮೇಲೆ ಒಂದು ಕೆಲಸ ಉಳಿದಿತ್ತು. 1865ರ ಏಪ್ರಿಲ್ 27ರ ರಾತ್ರಿ ಎರಡು ಗಂಟೆಗೆ ಮೆಂಫಿಸ್‌ನಿಂದ ಏಳು ಮೈಲಿ ಮೇಲೆ ಸುಲ್ತಾನಾ ಎಂಬ ಪ್ರಯಾಣಿಕ ಹಬೆದೋಣಿಯ ನಾಲ್ಕು ಬಾಯ್ಲರ್‌ಗಳಲ್ಲಿ ಮೂರು ಸಿಡಿದವು. 376 ಜನಕ್ಕೆ ಪರವಾನಗಿ ಇದ್ದ ದೋಣಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ತುಂಬಿದ್ದರು. ಬಹುಪಾಲು ದಕ್ಷಿಣದ ಸೆರೆಶಿಬಿರಗಳಿಂದ ಬಿಡುಗಡೆಯಾಗಿ ಮನೆಗೆ ಹೊರಟಿದ್ದ, ನಿಲ್ಲಲೂ ತ್ರಾಣವಿಲ್ಲದ ಸೈನಿಕರು. ವಿಕ್ಸ್‌ಬರ್ಗ್‌ನಲ್ಲಿ ಸೋರುತ್ತಿದ್ದ ಬಾಯ್ಲರ್‌ಗೆ ಒಂದು ತೇಪೆ ಹಾಕಿ ಮುಂದೆ ಕಳಿಸಿದ್ದರು. ಸಾವಿರಕ್ಕೂ ಹೆಚ್ಚು ಜನ ಸತ್ತರು. ತಣ್ಣನೆಯ ಪ್ರವಾಹದಲ್ಲಿ ಹಲಗೆ, ಮರದ ಕೊಂಬೆ ಹಿಡಿದು ತೇಲಿ ಬರುತ್ತಿದ್ದವರನ್ನು ಎತ್ತಲು ಹೋದ ದೋಣಿಗಳಲ್ಲಿ ಎಸೆಕ್ಸ್ ಮತ್ತು ಟೈಲರ್ ಎರಡೂ ಇದ್ದವು. ಒಂದು ಬಾಯ್ಲರ್‌ಗೆ ಗುಂಡು ತಗುಲಿ ತನ್ನವರನ್ನು ಕಳೆದುಕೊಂಡ ನೌಕೆ, ಇನ್ನೊಂದು ಬಾಯ್ಲರ್ ಕೆಳಗಿಳಿಸಿಕೊಂಡು ನಾಲ್ಕು ವರ್ಷ ಬಾಳಿದ ದೋಣಿ. ಟೈಲರ್ ಮಾಡಿದ ಕೆಲಸಗಳಲ್ಲಿ ಯಾರನ್ನೂ ಕೊಲ್ಲದ ಈ ಕೆಲಸವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಅದೇ ವರ್ಷ ಆಗಸ್ಟ್ 17ರಂದು ಇಲಿನಾಯ್ ರಾಜ್ಯದ ಮೌಂಡ್ ಸಿಟಿಯಲ್ಲಿ ಟೈಲರ್ ಮತ್ತು ಲೆಕ್ಸಿಂಗ್ಟನ್ ಎರಡನ್ನೂ ಹರಾಜಿನಲ್ಲಿ ಮಾರಿದರು. ಇವುಗಳಲ್ಲಿ ಯಾವುದೂ ಇಂದು ನೋಡಲು ಸಿಗುವುದಿಲ್ಲ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಮಿಸಿಸಿಪ್ಪಿ ರಾಜ್ಯದ ಕಡೆ ಪ್ರವಾಸ ಬಿದ್ದರೆ ವಿಕ್ಸ್‌ಬರ್ಗ್ ರಾಷ್ಟ್ರೀಯ ಸೈನಿಕ ಉದ್ಯಾನಕ್ಕೆ ಹೋಗಿ. ಅಲ್ಲಿ ಕೈರೋ ಎಂಬ ಕಬ್ಬಿಣದ ನೌಕೆ ಇದೆ. 1862ರ ಡಿಸೆಂಬರ್ 12ರಂದು ಯಾಝೂ ನದಿಯಲ್ಲಿ ನೀರಿನೊಳಗಿನ ಸಿಡಿಮದ್ದಿಗೆ ಸಿಕ್ಕಿ ಮುಳುಗಿದ್ದನ್ನು 1964ರಲ್ಲಿ ಮೇಲೆತ್ತಿದ್ದಾರೆ. ಅದು ನದಿದೋಣಿಯ ಮಾರ್ಪಾಡಲ್ಲ, ಯುದ್ಧಕ್ಕೆಂದೇ ಕಟ್ಟಿದ್ದು. ಆದರೆ ವಿನ್ಯಾಸದಲ್ಲಿ ಟೈಲರ್‌ನ ಬಾಯ್ಲರ್ ಇಳಿಸಲು ಹೇಳಿದ ಅದೇ ಸ್ಯಾಮ್ಯುಯೆಲ್ ಪೂಕ್ ಅವರ ಕೈ ಇದೆ. ಮರದ ಭಾಗ ಬಹಳಷ್ಟು ಹೋಗಿದೆ. ಹಾಗಾಗಿ ಒಳಗಿನ ಬಾಯ್ಲರ್‌ಗಳ ಸಾಲು ಹೊರಗಿನಿಂದಲೇ ಕಾಣುತ್ತದೆ. ಅಟ್ಟ ಎಲ್ಲಿತ್ತು, ಅವನ್ನು ಎಷ್ಟು ಕೆಳಗೆ ಇಟ್ಟಿದ್ದರು ಎಂಬುದನ್ನು ಪಕ್ಕದಲ್ಲಿ ನಿಂತು ನೀವೇ ಅಳೆದು ನೋಡಬಹುದು.